ಎರಡನೆಯ ನಾಯಿ ಬಾಗಿಲಲ್ಲೇ ಮಲಗಿದೆ

ಧಾರಾವಿಯಲ್ಲಿ ಮೇಲಿನ ಮನೆಗೆ ಹೋಗಲು ಬಹಳ ಕಡೆ ಮೆಟ್ಟಿಲಿರುವುದಿಲ್ಲ, ಗೋಡೆಗೆ ಒರಗಿಸಿ ಬಿಗಿದ ಕಬ್ಬಿಣದ ಏಣಿ ಇರುತ್ತದೆ. ಏಣಿ ಎಷ್ಟು ಕಡಿದೆಂದರೆ ಹೊಸಬರು ಗೋಡೆಗೆ ಮುಖ ಮಾಡಿಕೊಂಡೇ ಇಳಿಯಬೇಕು. ನೀರಿನ ಕೊಡ ಹಿಡಿದ ಹೆಂಗಸರು, ಗ್ಯಾಸ್ ಸಿಲಿಂಡರ್ ಹೊತ್ತ ಹುಡುಗರು, ಬೆನ್ನಿಗೆ ಶಾಲೆಯ ಚೀಲ ಹಾಕಿಕೊಂಡ ಮಕ್ಕಳು ಅದನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಾರೆ. ನಾಯಿಗೆ ಮಾತ್ರ ಅದು ಆಗದ ಕೆಲಸ. ಹಾಗಾಗಿ ಮೇಲಿನ ಬಾಡಿಗೆಯವರು ಅನ್ನ ಹಾಕಿ ಹೆಸರಿಟ್ಟು ಬೆಳೆಸಿದ ನಾಯಿ ಕೆಳಗೇ, ಏಣಿಯ ಬುಡದಲ್ಲಿ ಮಲಗುತ್ತದೆ. ಕೆಳಗಿನ ಮನೆಯವರ ಹೊಸ್ತಿಲೇ ಅದಕ್ಕೆ ತಲೆದಿಂಬು.

ಕಾನೂನಿನ ಕಣ್ಣಿಗೆ ನಾಯಿಗಳಲ್ಲಿ ಎರಡು ಜಾತಿ. ಮಾಲೀಕರಿರುವುದು ಸಾಕುನಾಯಿ. ಮಾಲೀಕರಿಲ್ಲದ್ದಕ್ಕೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಮುದಾಯದ ಪ್ರಾಣಿ ಎಂಬ ಮರ್ಯಾದೆಯ ಹೆಸರು ಕೊಟ್ಟಿವೆ. ಧಾರಾವಿಯ ಗಲ್ಲಿಯಲ್ಲಿ ಈ ಎರಡರ ನಡುವಿನ ಗೆರೆ ಸವೆದುಹೋಗಿದೆ. ಏಣಿ ಹತ್ತಲಾಗದ ನಾಯಿಗೆ ಮಾಲೀಕರು ಇದ್ದಾರೋ ಇಲ್ಲವೋ? ಅನ್ನ ಹಾಕುವ ಹೊತ್ತಿಗೆ ಇದ್ದಾರೆ, ಕಚ್ಚಿದ ಹೊತ್ತಿಗೆ ಇಲ್ಲ. ಮನೆಗೆ ಇನ್ನೊಂದು ನಾಯಿ ತರಬೇಕೇ ಬೇಡವೇ ಎಂಬ ಪ್ರಶ್ನೆ ಇಂಥ ಜಾಗದಲ್ಲಿ ಹುಟ್ಟಿದಾಗ ಅದು ಬಂಗಲೆಯವರ ಪ್ರಶ್ನೆಯ ಹಾಗೆ ಇರುವುದಿಲ್ಲ. ಕನ್ನಡದ ಓದುಗರಿಗೆ ಮನೆನಾಯಿ ಎಂದೊಡನೆ ಕಣ್ಣಿಗೆ ಬರುವುದು ಪೂರ್ಣಚಂದ್ರ ತೇಜಸ್ವಿಯವರ ಕಿವಿ, ಅದರ ಹಿಂದೆ ಮೂಡಿಗೆರೆಯ ತೋಟ, ಕಾಡು, ಕೆರೆ. ಧಾರಾವಿಯ ನಾಯಿಯ ಹಿಂದೆ ಇರುವುದು ಮೂರಡಿ ಅಗಲದ ಗಲ್ಲಿ, ಅದರ ನಡುವೆ ಕಲ್ಲು ಹಾಸಿ ಮುಚ್ಚಿದ ಗಟಾರ.

ಒಂದು ಮನೆಯನ್ನು ಊಹಿಸಿಕೊಳ್ಳಿ. ತಮಿಳರು, ಗುಜರಾತಿ ಕುಂಬಾರರು, ಮರಾಠಿಗರು, ಉತ್ತರ ಪ್ರದೇಶ ಬಿಹಾರಗಳಿಂದ ಬಂದವರು ಇವರೆಲ್ಲರ ನಡುವೆ ಧಾರಾವಿಯಲ್ಲಿ ಕಲಬುರಗಿ ಕಡೆಯ ಕನ್ನಡದ ಕುಟುಂಬಗಳೂ ಇವೆ. ಅಂಥದೊಂದು ಕುಟುಂಬ, ಹತ್ತಡಿಗೆ ಹನ್ನೆರಡಡಿಯ ನೆಲಮಹಡಿಯ ಖೋಲಿ, ಐದು ಜನ. ಪೊಮೇರಿಯನ್ ಎಂದು ಎಲ್ಲರೂ ಕರೆಯುವ, ನಿಜದಲ್ಲಿ ಇಂಡಿಯನ್ ಸ್ಪಿಟ್ಜ್ ಆದ ಬಿಳಿ ಹೆಣ್ಣುನಾಯಿ ಒಂದು ಆಗಲೇ ಇದೆ, ಮಂಚದ ಕೆಳಗೆ ಟ್ರಂಕಿನ ಪಕ್ಕದ ಸಂದು ಅದರದು. ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳು ಶಾಲೆಗೆ. ಅಜ್ಜಿ ಊರಿಗೆ ಹೋದಾಗ ನಾಯಿ ಹಗಲೆಲ್ಲ ಒಂಟಿ. ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ. ಇನ್ನೊಂದು ಮರಿ ತಂದರೆ ಇದಕ್ಕೂ ಜೊತೆಯಾಯಿತು ಎಂದು ಮಗನ ವಾದ. “ಇದ್ದ ಒಂದಕ್ಕೇ ಕಾಲು ಚಾಚಾಕ ಜಾಗ ಇಲ್ಲ, ಇನ್ನೊಂದ್ ಯಾಕ ಬೇಕು?” ಎಂದು ಅಜ್ಜಿಯ ವಾದ. ಬಾಗಿಲಾಚೆ, ಏಣಿಯ ಬುಡದಲ್ಲಿ, ಕಂದು ಬಣ್ಣದ ಗಲ್ಲಿನಾಯಿ ಒಂದು ಈ ಚರ್ಚೆಯನ್ನು ಕೇಳುತ್ತ ಮಲಗಿದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಮಗನ ವಾದ ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದು ಕಷ್ಟ. ಮನೆಯವರು ಹೊರಗೆ ಹೋದಾಗ ಚಡಪಡಿಸುವ ನಾಯಿ ಹೆಚ್ಚಿನ ಸಲ ಚಡಪಡಿಸುವುದು ಮನುಷ್ಯರಿಗಾಗಿ. ಇನ್ನೊಂದು ನಾಯಿ ಬಂದರೆ ಆ ಸಂಕಟ ಕಡಿಮೆಯಾಗುತ್ತದೆಂಬ ಭರವಸೆಯೇನಿಲ್ಲ. ಅದರ ಕೂಗು ಕೇಳಿ ಮರಿಯೂ ಕೂಗಲು ಕಲಿತರೆ, ಒಂದೇ ತಗಡಿನ ಗೋಡೆ ಹಂಚಿಕೊಂಡ ಪಕ್ಕದ ಮನೆಯವರ ಗತಿ? ರಾತ್ರಿಪಾಳಿ ಮುಗಿಸಿ ಹಗಲು ನಿದ್ದೆ ಮಾಡುವವರು ಆ ಗೋಡೆಯಾಚೆ ಇರುತ್ತಾರೆ.

ಒಂದೇ ಮನೆಯ ಎರಡು ಹೆಣ್ಣುನಾಯಿಗಳ ನಡುವೆ ಜಗಳ ಹತ್ತಿದರೆ ಅದು ಗಂಡುಹೆಣ್ಣಿನ ಜೋಡಿಯ ಜಗಳಕ್ಕಿಂತ ಕೆಟ್ಟದಾಗಿರುವುದೇ ಹೆಚ್ಚು, ಬೇಗ ಆರುವುದೂ ಇಲ್ಲ. ದೊಡ್ಡ ಮನೆಯಲ್ಲಾದರೆ ಒಂದನ್ನು ಇನ್ನೊಂದು ಕೋಣೆಗೆ ಹಾಕಿ ಬಾಗಿಲು ಮುಚ್ಚಬಹುದು. ಇಲ್ಲಿ ಇನ್ನೊಂದು ಕೋಣೆ ಎಲ್ಲಿದೆ? ಪೋಟಮಾಳಿಗೆ ಇದೆ ಎನ್ನಬಹುದು, ಅಲ್ಲಿ ಹಾಸಿಗೆ, ಪಾತ್ರೆ, ಮಗನ ಪುಸ್ತಕ ಇವೆ. ಗಂಡು ತಂದರೂ ಕಷ್ಟ ತಪ್ಪಿದ್ದಲ್ಲ: ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಸುಮಾರು 63 ದಿನಕ್ಕೆ ಮನೆಯಲ್ಲಿ ಎರಡಲ್ಲ, ಏಳೆಂಟು ನಾಯಿ.

ಮರಿಯ ಆರೋಗ್ಯದ ಮಾತು ಇನ್ನೂ ಗಂಭೀರ. ಲಸಿಕೆಗಳು ಪೂರ್ತಿಯಾಗುವ ತನಕ, ಅಂದರೆ ಸುಮಾರು ನಾಲ್ಕು ತಿಂಗಳ ವಯಸ್ಸಿನವರೆಗೆ, ಮರಿಯನ್ನು ಬೇರೆ ನಾಯಿಗಳು ಓಡಾಡುವ ನೆಲದಿಂದ ದೂರವಿಡಬೇಕು. ಪಾರ್ವೊ ವೈರಸ್ ಹೊರಗಿನ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಚಪ್ಪಲಿಗೆ ಅಂಟಿಕೊಂಡು ಒಳಗೂ ಬರುತ್ತದೆ. ಹೊಸ್ತಿಲು ದಾಟಿದರೆ ಗಲ್ಲಿ ಇರುವ ಮನೆಯಲ್ಲಿ ದೂರ ಎಂಬುದೇ ಇಲ್ಲ. ಮಿಠಿ ನದಿಯ, ಮಾಹಿಮ್ ಕೊಲ್ಲಿಯ ಅಂಚಿನ ತಗ್ಗು ನೆಲ ಇದು. ಮಳೆಗಾಲದಲ್ಲಿ ಗಟಾರ ಉಕ್ಕಿ ಮನೆಯೊಳಗೆ ನೀರು ಬಂದರೆ ಇಲಿಯ ಮೂತ್ರದ ಲೆಪ್ಟೊಸ್ಪೈರೋಸಿಸ್ ಅದರ ಜೊತೆ ಬರಬಹುದು. ಅದು ನಾಯಿಗೂ ತಗಲುತ್ತದೆ, ಸೋಂಕಾದ ನಾಯಿಯಿಂದ ಮನುಷ್ಯರಿಗೂ ದಾಟಬಲ್ಲದು. ಲಸಿಕೆ ಇದೆ, ಆದರೆ ವರ್ಷವರ್ಷವೂ ಹಾಕಿಸಬೇಕು. ಎರಡು ನಾಯಿಯೆಂದರೆ ಎರಡು ಪಟ್ಟು, ಅದೂ ಹತ್ತುಹನ್ನೆರಡು ವರ್ಷ.

ಮರಿ ಯಾವುದೆಂಬುದೂ ಮುಖ್ಯ. 2003ರ ಹಚ್ ಜಾಹೀರಾತು ಬಂದ ಮೇಲೆ ಪಗ್ ಎಂಬ ಚಪ್ಪಟೆ ಮೂಗಿನ ನಾಯಿ ದೇಶದ ತುಂಬ ಹರಡಿತು. ಹುಡುಗನ ಹಿಂದೆ ಹಿಂದೆ ನಡೆಯುವ ಆ ನಾಯಿಯ ಮುದ್ದಿಗೆ ಮರುಳಾಗಿ ಕೊಂಡವರಿಗೆ, ಆ ಮೂಗು ಸೆಖೆಯಲ್ಲಿ ಉಸಿರಾಡಲು ಆಗದ ಮೂಗು ಎಂದು ತಿಳಿದದ್ದು ಆಮೇಲೆ. ಮೇ ತಿಂಗಳ ಮುಂಬೈಯಲ್ಲಿ, ತಗಡಿನ ಚಾವಣಿಯ ಕೆಳಗೆ, ಫ್ಯಾನು ನಿಂತ ಮಧ್ಯಾಹ್ನ ಪಗ್ ಸಾಕುವುದೆಂದರೆ ಅದನ್ನು ಬೇಯಿಸುವುದೇ. ಕ್ರಾಫರ್ಡ್ ಮಾರ್ಕೆಟ್ಟಿನ ಪ್ರಾಣಿಗಳ ಅಂಗಡಿ ಸಾಲಿನಲ್ಲಿ ಮಗನನ್ನು ಕರೆದುಕೊಂಡು ಸುಮ್ಮನೆ ನೋಡಿ ಬರೋಣ ಎಂದು ಹೋಗುವ ಅಪ್ಪಂದಿರು ಇದನ್ನು ನೆನಪಿಡಬೇಕು. ಸುಮ್ಮನೆ ನೋಡಿ ಬಂದವರು ಕಡಿಮೆ.

ಹಾಗಾದರೆ ಅಜ್ಜಿ ಹೇಳಿದ ಹಾಗೆ ಜಾಗವಿಲ್ಲ ಎಂಬುದೇ ಉತ್ತರವೇ? ಚದರ ಅಡಿ ನೋಡಿ ನಾಯಿ ಎಣಿಸುವುದು ಸರ್ಕಾರಗಳಿಗೂ ಇಷ್ಟದ ದಾರಿ. 2018ರಲ್ಲಿ ಬೆಂಗಳೂರಿನ ಪಾಲಿಕೆ ಫ್ಲ್ಯಾಟಿಗೆ ಒಂದೇ ನಾಯಿ, ಪ್ರತ್ಯೇಕ ಮನೆಗೆ ಮೂರು ಎಂದು ನಿಯಮ ತರಲು ಹೊರಟು, ಗಲಾಟೆಯಾದ ಮೇಲೆ ಹಿಂದೆ ಸರಿಯಿತು. ಅಂಥ ಲೆಕ್ಕದಲ್ಲಿ ಧಾರಾವಿಯ ಮನೆಗೆ ಅರ್ಧ ನಾಯಿಯೂ ಸಿಗದು. ಆದರೆ ನಾಯಿ ದಿನದ ಬಹುಪಾಲು ನಿದ್ದೆ ಮಾಡುವ ಪ್ರಾಣಿ, ಮಂಚದ ಕೆಳಗಿನ ಸಂದು ಅದಕ್ಕೆ ಸಾಕು. ಅದಕ್ಕೆ ಬೇಕಾದದ್ದು ಹೊರಗೆ ಕರೆದೊಯ್ಯುವ ಒಬ್ಬರು, ಹೊತ್ತಿಗೆ ಅನ್ನ, ಕಾಯಿಲೆಯಾದರೆ ಪರೇಲಿನ ಪ್ರಾಣಿಗಳ ಆಸ್ಪತ್ರೆಗೆ ಒಯ್ಯುವ ಮನಸ್ಸು. ಮೂರು ಸಾವಿರ ಚದರ ಅಡಿಯ ಮನೆಯ ಬಾಲ್ಕನಿಯಲ್ಲಿ ದಿನವಿಡೀ ಕಟ್ಟಿ ಹಾಕಿದ ನಾಯಿಗಿಂತ, ಗಲ್ಲಿಯ ಮಕ್ಕಳ ಕಾಲ ಬಳಿ ಹೊರಳುವ ನಾಯಿ ಸುಖಿ. ಅಜ್ಜಿಯ ತೀರ್ಮಾನ ಸರಿ, ಅದಕ್ಕೆ ಕೊಟ್ಟ ಕಾರಣ ಅಷ್ಟು ಸರಿಯಲ್ಲ.

ಸರಿಯಾದ ಕಾರಣ ಪಕ್ಕದ ಮನೆಯಲ್ಲಿದೆ. ಮೂರಡಿಯ ಗಲ್ಲಿಯಲ್ಲಿ ನಾಯಿಗೆ ಹೆದರುವವರಿಗೆ ಸುತ್ತಿ ಹೋಗಲು ಬೇರೆ ದಾರಿಯಿಲ್ಲ. ಸಾರ್ವಜನಿಕ ಶೌಚಾಲಯಕ್ಕೆ ರಾತ್ರಿ ಒಬ್ಬಳೇ ಹೋಗುವ ಹುಡುಗಿ ನಾಯಿಯನ್ನು ದಾಟಿಯೇ ಹೋಗಬೇಕು. ನಮಾಜಿಗೆ ಶುಚಿಯಾಗಿ ಹೊರಟವರ ಬಟ್ಟೆಗೆ ನಾಯಿಯ ಜೊಲ್ಲು ತಾಗಿದರೆ ಅವರು ಮತ್ತೆ ತೊಳೆದುಕೊಳ್ಳಬೇಕು, ನೀರು ಬರುವುದು ಬೆಳಗಿನ ಕೆಲವೇ ತಾಸು. ಅವರಲ್ಲಿ ಯಾರೂ ನಾಯಿದ್ವೇಷಿಗಳಲ್ಲ. ಆದ್ದರಿಂದ ಧಾರಾವಿಯಲ್ಲಿ ಎರಡನೆಯ ನಾಯಿಯ ನಿರ್ಧಾರ ಒಂದು ಮನೆಯ ನಿರ್ಧಾರವಾಗಿ ಉಳಿಯಲಾರದು. ಗಲ್ಲಿಯ ಒಪ್ಪಿಗೆ ಕೇಳಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಆದರೂ ಕೇಳಬೇಕು. ಮದುವೆಗೆ ಪೆಂಡಾಲು ಹಾಕುವಾಗ, ನೀರಿನ ಮೋಟಾರು ಹಚ್ಚುವಾಗ ಕೇಳುವ ಗಲ್ಲಿಯಲ್ಲಿ ನಾಯಿಗೆ ಕೇಳುವುದು ಹೊಸ ರೂಢಿಯೇನಲ್ಲ.

ಹಾಗೆ ಕೇಳಿದರೆ ಗಲ್ಲಿ ಏನು ಹೇಳೀತು? ಇರುವ ನಾಯಿಗಳೇ ಸಾಲದೇ ಎಂದೀತು. ಮಾತು ಆಗ ಏಣಿಯ ಬುಡದ ಆ ಕಂದು ನಾಯಿಗೆ ಬರುತ್ತದೆ.

ನಾಯಿ ಮನೆಯದೋ ಬೀದಿಯದೋ ಎಂಬ ಜಗಳ ಮುಂಬೈಗೆ ಹಳೆಯದು. 1832ರಲ್ಲಿ ಬೀದಿನಾಯಿ ಕೊಂದವರಿಗೆ ನಾಯಿಗೆ ಎಂಟಾಣೆಯಂತೆ ಸಿಗುತ್ತಿತ್ತು. ಎಂಟಾಣೆಯ ಆಸೆಗೆ ಬಿದ್ದವರು ಮನೆಯ ನಾಯಿಗಳನ್ನೂ ಬಿಡದೆ ಕೊಲ್ಲತೊಡಗಿದರು. ಸತ್ತವರ ದೇಹವನ್ನು ನಾಯಿ ನೋಡಬೇಕೆಂಬ ವಿಧಿಯಿರುವ, ನಾಯಿಯನ್ನು ಪವಿತ್ರವೆಂದು ಕಾಣುವ ಪಾರ್ಸಿಗಳು ಜೂನ್ 6ರಂದು ಬೀದಿಗಿಳಿದರು, ಅಂಗಡಿಗಳು ಮುಚ್ಚಿದವು, ಕೋಟೆಯೊಳಗಿನ ಬಿಳಿಯರಿಗೆ ದಿನಸಿ ಸಿಗದಾಯಿತು. ಆಮೇಲೂ ನಾಯಿಗಳ ಕೊಲೆ ನಿಲ್ಲಲಿಲ್ಲ, 1990ರ ದಶಕದ ನಡುವಿನವರೆಗೂ ಪಾಲಿಕೆ ಬೀದಿನಾಯಿಗಳನ್ನು ಕೊಲ್ಲುತ್ತಲೇ ಇತ್ತು. ಕೊಂದಷ್ಟೂ ಹೊಸವು ಬಂದವು. ಬಳಿಕ ಹಿಡಿದು, ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಕಿವಿಗೆ ಕಚ್ಚು ಹಾಕಿ, ಹಿಡಿದ ಜಾಗದಲ್ಲೇ ಬಿಡುವ ಕ್ರಮ ಬಂತು. 2014ರ ಎಣಿಕೆಯಲ್ಲಿ ಮುಂಬೈಯಲ್ಲಿ ಸುಮಾರು 95 ಸಾವಿರ ಬೀದಿನಾಯಿಗಳಿದ್ದವು.

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಿ, ಮತ್ತೆ ಬಿಡಬೇಡಿ ಎಂದಿತು. ಹನ್ನೊಂದೇ ದಿನದಲ್ಲಿ, ಆಗಸ್ಟ್ 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿತು: ರೇಬೀಸ್ ತಗಲಿದ, ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆಯ ನಂತರ ಹಿಡಿದ ಜಾಗಕ್ಕೇ ಬಿಡಬೇಕು. ಅದೇ ಆದೇಶದಲ್ಲಿ ಇನ್ನೊಂದು ಮಾತಿತ್ತು, ಅದು ಅಷ್ಟು ಸುದ್ದಿಯಾಗಲಿಲ್ಲ. ಬೇಕಾದವರು ಪಾಲಿಕೆಗೆ ಅರ್ಜಿ ಹಾಕಿ ಬೀದಿನಾಯಿಯನ್ನು ದತ್ತು ತೆಗೆದುಕೊಳ್ಳಬಹುದು, ಆದರೆ ಆ ನಾಯಿ ಮತ್ತೆ ಬೀದಿಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ಅವರದು.

ಹಿಡಿದ ಜಾಗಕ್ಕೇ ಬಿಡಬೇಕು ಎಂಬ ಮಾತು ಜಾಗ ಇದ್ದಲ್ಲೇ ಇರುತ್ತದೆ ಎಂದು ನಂಬಿಕೊಂಡಿದೆ. ಧಾರಾವಿಯಲ್ಲಿ ಆ ನಂಬಿಕೆಗೆ ಈಗ ಆಧಾರವಿಲ್ಲ. 2022ರ ನವೆಂಬರಿನಲ್ಲಿ ಅದಾನಿ ಸಮೂಹಕ್ಕೆ ಪುನರಭಿವೃದ್ಧಿಯ ಟೆಂಡರು ದಕ್ಕಿತು, 2024ರ ಮಾರ್ಚಿನಲ್ಲಿ ಮನೆಮನೆಯ ಸಮೀಕ್ಷೆ ಶುರುವಾಯಿತು. 2000ದ ಜನವರಿ 1ಕ್ಕೆ ಮೊದಲಿನ ನೆಲಮಹಡಿಯ ವಾಸದ ಮನೆಯವರಿಗೆ ಧಾರಾವಿಯೊಳಗೇ 350 ಚದರ ಅಡಿಯ ಮನೆ ಉಚಿತ. ಅಲ್ಲಿಂದ ಮುಂದೆ 2011ರ ಜನವರಿ 1ರ ತನಕ ಬಂದವರಿಗೆ ಧಾರಾವಿಯ ಹೊರಗೆ 300 ಚದರ ಅಡಿ, ಎರಡೂವರೆ ಲಕ್ಷ ರೂಪಾಯಿಗೆ. ಮೇಲ್ಮಹಡಿಯವರಿಗೆ ಹೊರಗೆಲ್ಲೋ ಬಾಡಿಗೆ ಕಟ್ಟುತ್ತ ಕೊಳ್ಳುವ ಮನೆ. ಈ ಲೆಕ್ಕದಲ್ಲಿ ಏಣಿಯ ಮೇಲಿನವರು ಒಂದು ದಿಕ್ಕಿಗೆ, ಏಣಿಯ ಕೆಳಗಿನವರು ಇನ್ನೊಂದು ದಿಕ್ಕಿಗೆ. ಕಂದು ನಾಯಿಗೆ ಅನ್ನ ಹಾಕುತ್ತಿದ್ದವರು ಹೋಗುತ್ತಾರೆ, ಅದು ತಲೆಯಿಟ್ಟು ಮಲಗುತ್ತಿದ್ದ ಹೊಸ್ತಿಲೂ ಹೋಗುತ್ತದೆ. ನಾಯಿ ಎಲ್ಲಿಗೆ ಹೋಗುತ್ತದೆ? ಆ ಸಮೀಕ್ಷೆ ಹೊರಟದ್ದು ಮನೆ ಎಣಿಸಲು, ನಾಯಿ ಎಣಿಸಲಲ್ಲ. ಎಣಿಸಿದ್ದರೆ ಒಳ್ಳೆಯದಿತ್ತು. ಪ್ರತಿ ಗೂಡಿಗೂ ಒಂದೊಂದು ಸಂಖ್ಯೆ ಕೊಡುವಷ್ಟು ಶ್ರದ್ಧೆಯಿದ್ದಲ್ಲಿ, ಬುಲ್ಡೋಜರ್ ಬರುವ ಮೊದಲು ಗಲ್ಲಿಯ ನಾಯಿಗಳನ್ನು ಎಣಿಸಿ ಸಂತಾನಹರಣ ಮಾಡಿಸುವುದು ದೊಡ್ಡ ಖರ್ಚಲ್ಲ.

ಟವರಿಗೆ ನಾಯಿ ಒಯ್ಯಬಹುದೇ? ಸಾಕಿದ್ದಾದರೆ ಒಯ್ಯಬಹುದು. ಬಹುಮತ ಇದ್ದರೂ ಹೌಸಿಂಗ್ ಸೊಸೈಟಿ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಧರ್ಮರಾಯನನ್ನೂ ಅವನ ನಾಯಿಯನ್ನೂ ಸ್ವರ್ಗದ ಬಾಗಿಲಲ್ಲಿ ತಡೆದವನು ಇಂದ್ರ, ಲಿಫ್ಟಿನ ಬಾಗಿಲಲ್ಲಿ ತಡೆಯುವವರು ಸೊಸೈಟಿಯ ಸೆಕ್ರೆಟರಿ. ಸೆಕ್ರೆಟರಿಗೆ ತೋರಿಸಲು ಕಾಗದವಿದೆ. ಗಲ್ಲಿಯ ನಾಯಿಗೆ ಆ ಕಾಗದವಿಲ್ಲ. ಮಂಚದ ಕೆಳಗಿನ ಬಿಳಿ ನಾಯಿಗೆ 350 ಚದರ ಅಡಿಯಲ್ಲಿ ಪಾಲಿದೆ, ಹೊಸ್ತಿಲಾಚೆಯ ಕಂದು ನಾಯಿಗೆ ಇಲ್ಲ. ಎರಡೂ ತಿನ್ನುವುದು ಒಂದೇ ಪಾತ್ರೆಯ ಅನ್ನ.

ಹೀಗಿರುವಾಗ ಆ ಮನೆ ಅಂಗಡಿಯಿಂದ ಮರಿ ತರಬಾರದು. ಎರಡನೆಯ ನಾಯಿ ಬೇಕೇ ಬೇಕೆಂದರೆ ಅದು ಬಾಗಿಲಲ್ಲೇ ಮಲಗಿದೆ. ಅದಕ್ಕೆ ಪಾರ್ವೊ ಕಾಡುವ ಮರಿವಯಸ್ಸು ದಾಟಿದೆ, ಅದರ ಸ್ವಭಾವ ಮೂರು ವರ್ಷದಿಂದ ಗಲ್ಲಿಗೆಲ್ಲ ಗೊತ್ತು, ಬಿಳಿ ನಾಯಿಗೂ ಅದಕ್ಕೂ ಯಾರು ಮೊದಲು ತಿನ್ನಬೇಕೆಂಬ ಒಪ್ಪಂದ ಯಾವತ್ತೋ ಆಗಿದೆ. ಸೆಖೆ ಅದಕ್ಕೆ ಹುಟ್ಟೂರಿನದು. ಗಲ್ಲಿಯ ಒಪ್ಪಿಗೆ ಅರ್ಧ ಸಿಕ್ಕೇ ಇದೆ, ಯಾಕೆಂದರೆ ನಾಯಿಗಳ ಲೆಕ್ಕ ಹೆಚ್ಚುವುದಿಲ್ಲ, ಹೊಣೆ ಹೊತ್ತವರ ಲೆಕ್ಕ ಮಾತ್ರ ಒಂದು ಹೆಚ್ಚುತ್ತದೆ. ಅದು ಯಾರನ್ನಾದರೂ ಕಚ್ಚಿದರೆ ಸಯನ್ ಆಸ್ಪತ್ರೆಗೆ ಕರೆದೊಯ್ಯುವವರು, ಲಸಿಕೆಯ ಚೀಟಿ ತೋರಿಸುವವರು ಯಾರೆಂದು ಗೊತ್ತಿರುತ್ತದೆ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೆಯ ಒಂದರಷ್ಟು ಭಾರತದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ದತ್ತು ಪಡೆದ ನಾಯಿ ಬೀದಿಗೆ ಮರಳಬಾರದು ಎಂದು ಕೋರ್ಟು ಹೇಳಿದೆ. ನೂರಿಪ್ಪತ್ತು ಚದರ ಅಡಿಯ ಮನೆಯಲ್ಲಿ ಬೀದಿ ಎಲ್ಲಿಂದ ಶುರು? ಪಾತ್ರೆ ತೊಳೆಯುವುದು ಗಲ್ಲಿಯಲ್ಲಿ, ಮಕ್ಕಳು ಬರೆಯುವುದು ಗಲ್ಲಿಯಲ್ಲಿ, ಅಜ್ಜಿ ಸಂಜೆ ಕೂರುವುದು ಗಲ್ಲಿಯಲ್ಲಿ. ಮನುಷ್ಯರೇ ಅರ್ಧ ಬೀದಿಯಲ್ಲಿ ಬದುಕುವಾಗ ನಾಯಿಯನ್ನು ಪೂರ್ತಿ ಒಳಗಿಡು ಎಂದರೆ ಅದು ಬಂಗಲೆ ನೋಡಿ ಬರೆದ ನಿಯಮ. ಆದರೂ ನಿಯಮದ ಹಿಂದಿನ ಭಯ ಸುಳ್ಳಲ್ಲ. ಗಲ್ಲಿಯ ನಾಯಿಗೆ ಕೊರಳಪಟ್ಟಿ ಕಟ್ಟಿ ಇದು ನಮ್ಮದು ಎಂದು ಹೇಳಿ, ಮೊದಲಿನಂತೆಯೇ ಬಿಟ್ಟರೆ ಅದು ದತ್ತಲ್ಲ, ಶೋಕಿ. ರಾತ್ರಿ ಒಳಗೆ, ಹಗಲು ಹೊರಗೆ ಹೋದರೆ ಹಗ್ಗದಲ್ಲಿ, ಅದರ ಹಿಂದೆ ಒಬ್ಬರು. ಗಲ್ಲಿಯಲ್ಲಿ ಬೆಳೆದ ನಾಯಿಗೆ ಇದನ್ನು ಕಲಿಸಲು ತಿಂಗಳುಗಳೇ ಬೇಕು. ಹಗ್ಗವೆಂದರೆ ಮೊದಲು ಅದು ನೆಲಕ್ಕೆ ಅಂಟಿ ಕೂರುತ್ತದೆ, ಮುಚ್ಚಿದ ಬಾಗಿಲು ಕಂಡರೆ ಅಳುತ್ತದೆ. ಬಿಳಿ ನಾಯಿ ಗಲ್ಲಿಯಲ್ಲಿ ಗೆಳತಿಯಾಗಿದ್ದವಳನ್ನು ಮಂಚದ ಕೆಳಗೆ ಸಹಿಸಲಿಕ್ಕಿಲ್ಲ, ಬೇರೆ ಬೇರೆ ತಟ್ಟೆ, ಬೇರೆ ಬೇರೆ ಮೂಲೆ ಬೇಕು. ಎರಡೂ ಹೆಣ್ಣಾದ್ದರಿಂದ ಇಲ್ಲಿ ವಿಶೇಷ ಎಚ್ಚರ ಬೇಕು, ಸಂತಾನಹರಣ ಮೊದಲು ಆಗಬೇಕು, ದತ್ತು ಆಮೇಲೆ. ಆ ಕಾರಣಕ್ಕೇ ಈ ನಿರ್ಧಾರ ಈಗ ಆಗಬೇಕು. ಸಾಮಾನು ಕಟ್ಟುವ ದಿನ ಕನಿಕರ ಬಂದು ನಾಯಿಯನ್ನು ಟೆಂಪೊದಲ್ಲಿ ಹಾಕಿಕೊಂಡರೆ, ಹದಿನೈದನೆಯ ಮಹಡಿಯಲ್ಲಿ ಅದು ಹುಚ್ಚೆದ್ದುಹೋಗುತ್ತದೆ.

ಎಲ್ಲ ಮನೆಗಳೂ ಇದನ್ನು ಮಾಡಬೇಕೆಂದಲ್ಲ. ಟವರು ಏಳುವ ತನಕ ವರ್ಷಗಟ್ಟಲೆ ಎಲ್ಲೋ ಬಾಡಿಗೆಗೆ ಇರಬೇಕಾದವರಿಗೆ ಒಂದು ನಾಯಿಯೇ ಭಾರ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ದಿನಗೂಲಿ ತಪ್ಪಿದರೆ ಒಲೆ ಹತ್ತದಿದ್ದರೆ, ಬೇಡ ಎನ್ನುವುದಕ್ಕೆ ನಾಚಬೇಕಿಲ್ಲ. ಅಂಥವರು ಮಾಡಬಹುದಾದದ್ದು ಆ ನಾಯಿಯನ್ನು ಸಂತಾನಹರಣಕ್ಕೆ ಹಿಡಿಸಿಕೊಡುವುದು, ಅಷ್ಟೇ. ಅದೂ ಸಣ್ಣದಲ್ಲ. ಕನಿಕರಕ್ಕೆ ಅನ್ನ ಹಾಕಿ, ಮರಿ ಹಾಕಿದಾಗ ಮುಖ ತಿರುಗಿಸುವವರೇ ಜಾಸ್ತಿ ಇರುವ ಊರು ಇದು. ಕಲಬುರಗಿ ಕಡೆಯಲ್ಲಾಗಲಿ ಮಹಾರಾಷ್ಟ್ರದಲ್ಲಾಗಲಿ ಮೈಲಾರಲಿಂಗನ, ಖಂಡೋಬಾನ ಭಕ್ತರು ಹೊಸಬರಲ್ಲ. ಗೊರವ ನಾಯಿಯ ಹಾಗೆ ಬೊಗಳಿ ದೋಣಿಯಲ್ಲಿ ಹಾಕಿದ್ದನ್ನು ಬಾಯಿಟ್ಟು ತಿಂದರೆ ಜನ ಕಾಲಿಗೆ ಬೀಳುತ್ತಾರೆ. ನಿಜದ ನಾಯಿ ಜಾತ್ರೆಯಲ್ಲಿ ಅಡ್ಡ ಬಂದರೆ ಕಲ್ಲು ಬೀಳುತ್ತದೆ. ನಾಯಿ ಎಂಬ ಮಾತು ಬೈಗುಳವೂ ಹೌದು. ‘ಸ್ಲಂಡಾಗ್ ಮಿಲಿಯನೇರ್’ 2009ರ ಜನವರಿಯಲ್ಲಿ ಇಲ್ಲಿ ತೆರೆಗೆ ಬಂದಾಗ, ಹೆಸರಿನೊಳಗಿನ ಆ ಒಂದು ಪದಕ್ಕೇ ಮುಂಬೈಯ ಕೊಳೆಗೇರಿಗಳ ಜನ ಸಿಟ್ಟಿಗೆದ್ದಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ.

ನಾಯಿಯ ಪರವಾನಗಿಗೆ ಪಾಲಿಕೆ ರೇಬೀಸ್ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ, ಮಾಲೀಕರ ಹೆಸರು, ವಿಳಾಸ ಕೇಳುತ್ತದೆ. ಆ ಮನೆಯ ಅಜ್ಜಿ ಅರ್ಜಿ ತುಂಬುತ್ತಿರುವ ಮೊಮ್ಮಗನ ಪಕ್ಕ ಕೂತು ಕೇಳಬಹುದಾದ ಪ್ರಶ್ನೆ ಇದು: ಮಾಲೀಕರು ಅಂತ ಯಾರ ಹೆಸರು ಬರಿತೀ, ಮ್ಯಾಲಿನವರದೋ ನಮ್ಮದೋ? ಉತ್ತರಕ್ಕಾಗಿ ಮೊಮ್ಮಗ ಏಣಿ ಹತ್ತಿ ಹೋಗಿ ಕೇಳಿ ಬರಬೇಕಾಗುತ್ತದೆ. ಅವರು ಎಲ್ಲಿಗೆ ಹೋಗಬೇಕಾಗುತ್ತದೆಂದು ಅವರಿಗೆ ಗೊತ್ತಿದ್ದರೆ, ನಾಯಿಯನ್ನು ಬಿಟ್ಟುಕೊಡುತ್ತಾರೋ ಇಲ್ಲವೋ ಎಂಬುದೂ ಅಲ್ಲೇ ತಿಳಿದೀತು.